ಕೆರೆಯ ಮೀನು ಎಣಿಸುವವರು ಯಾರು?

ಹೋದ ತಿಂಗಳು ಧಾರವಾಡದಲ್ಲಿ ಒಂದು ಸಣ್ಣ ಓದುಗರ ಬಳಗದವರು ಮಾತಾಡಲು ಕರೆದಿದ್ದರು. ಆವತ್ತು ಹೇಳಿದ್ದನ್ನು ಬರೆದು ಕೊಡಿ ಅಂತ ಕೆಲವರು ಬೆನ್ನುಬಿದ್ದರು, ಅದಕ್ಕೇ ಇದು. ಮಾತಿನ ಭರದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ. ಮೈಕಿನ ಕಿರಿಕಿರಿ, ನನ್ನ ಕೆಮ್ಮು ಎರಡನ್ನೂ ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಕೂಣಿಯ ಕಥೆ ಹೇಳಿಬಿಡುತ್ತೇನೆ, ಯಾಕಂದರೆ ನಾನು ಒಳಗೆ ಬಂದಾಗಿನಿಂದ ನೀವೆಲ್ಲ ನನ್ನನ್ನು ಬಿಟ್ಟು ಇದನ್ನೇ ನೋಡುತ್ತಿದ್ದೀರಿ. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಇದಕ್ಕೆ ಲಗೇಜ್ ಟಿಕೆಟ್ ಹರಿಯಬೇಕೋ ಬೇಡವೋ ಅಂತ ಬಹಳ ಹೊತ್ತು ತಲೆ ಕೆರೆದುಕೊಂಡ. "ಅಕ್ಕೋರ, ಕೋಳಿ ಬುಟ್ಟಿ ಏನ್ರೀ ಇದು?" ಅಂದ. ಮೀನು ಹಿಡಿಯುವುದು ಅಂದೆ. "ತಳಾನ ಇಲ್ಲಲ್ರೀ ಇದಕ್ಕ!" ಅಂದ. ಹೌದು, ತಳ ಇಲ್ಲ. ಬಿದಿರಿನ ಕಡ್ಡಿಯಲ್ಲಿ ಹೆಣೆದದ್ದು. ಮೇಲೆ ಸಣ್ಣ ಬಾಯಿ, ಕೆಳಗೆ ದೊಡ್ಡ ಬಾಯಿ. ಮೊಣಕಾಲುಮಟ್ಟದ ನೀರಿನಲ್ಲಿ ಇದನ್ನು ದಬಕ್ ಅಂತ ಒತ್ತಬೇಕು, ಒಳಗೆ ಏನಾದರೂ ಬಡಿದಾಡಿತು ಅಂದರೆ ಮೇಲಿನ ಬಾಯಿಯಿಂದ ಕೈ ಹಾಕಿ ಹಿಡಿಯಬೇಕು. ಕೆಲವೊಮ್ಮೆ ಮೀನು ಸಿಗುತ್ತದೆ. ಕೆಲವೊಮ್ಮೆ ಚೇಳು ಮೀನಿನ ಮುಳ್ಳು ಸಿಗುತ್ತದೆ, ಆಮೇಲೆ ಎರಡು ದಿನ ಆ ಕೈಯಲ್ಲಿ ರೊಟ್ಟಿ ಮುರಿಯಲೂ ಆಗುವುದಿಲ್ಲ.

ಹಾನಗಲ್ ತಾಲೂಕಿನ ಮಲೆನಾಡ ಸೆರಗಿನ ಊರುಗಳಲ್ಲಿ, ಆಚೆ ಸೊರಬ, ಶಿಕಾರಿಪುರದ ಕಡೆ ಕೆರೆಬೇಟೆ ಅಂತ ಮಾಡುತ್ತಾರೆ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಊರ ಹಿರಿಯರು ಒಂದು ದಿನ ಗೊತ್ತು ಮಾಡುತ್ತಾರೆ. ಆ ದಿನದ ತನಕ ಯಾರೂ ಇಳಿಯುವ ಹಾಗಿಲ್ಲ. ದಿನ ಬಂದಾಗ ಕೆರೆಗೆ ಪೂಜೆ. ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಬೇಕು, ಆ ದುಡ್ಡು ಗುಡಿಗೋ ಊರಿನ ಕೆಲಸಕ್ಕೋ ಹೋಗುತ್ತದೆ. ಆಮೇಲೆ ಒಂದು ಕೂಗು. ನೂರಾರು ಜನ ಒಂದೇ ಸಲ ಕೂಣಿ ಎತ್ತಿಕೊಂಡು ಕೆರೆಗೆ ನುಗ್ಗುತ್ತಾರೆ. ನಾನು ಸಣ್ಣವಳಿದ್ದಾಗ ಏರಿಯ ಮೇಲೆ ಕೂತು ಇದನ್ನು ನೋಡಿದ್ದೇನೆ. ನಮ್ಮಪ್ಪ ಕೆಸರಲ್ಲಿ ಮುಳುಗಿ ಮೇಲೆ ಬಂದಾಗ ಯಾರು ನಮ್ಮಪ್ಪ, ಯಾರು ಪಕ್ಕದ ಮನೆಯ ಕಾಕಾ ಅಂತ ಗುರುತು ಹತ್ತುತ್ತಿರಲಿಲ್ಲ.

ಇದನ್ನು ಸುಮ್ನೆ ಹಾಡಿ ಹೊಗಳಲು ಬಂದಿಲ್ಲ ನಾನು. ಹೆಂಗಸರು ದಂಡೆಯ ಮೇಲೇ ಇರಬೇಕಿತ್ತು. ಒಂದು ಕೇರಿಯವರು ಎಲ್ಲರೂ ಇಳಿದ ಮೇಲೆ, ಕೆರೆಯ ಇನ್ನೊಂದು ಮೂಲೆಯಲ್ಲಿ ಇಳಿಯಬೇಕಿತ್ತು. ಅದೂ ನೆನಪಿದೆ. ಆದರೆ ಆ ಪದ್ಧತಿಯೊಳಗೆ ಒಂದು ಲೆಕ್ಕ ಇತ್ತು. ಒಬ್ಬರಿಗೆ ಒಂದೇ ಕೂಣಿ. ಬಲೆ ತರುವ ಹಾಗಿಲ್ಲ. ವರ್ಷಕ್ಕೆ ಒಂದೇ ದಿನ. ಅದೂ ಹೇಗೂ ಕೆರೆ ಬತ್ತಿ ಮೀನು ಸಾಯುವ ಹೊತ್ತಿಗೆ. ಕೊರವ, ಚೇಳು ಮೀನಿನಂಥವು ಗಾಳಿ ಕುಡಿದು ಕೆಸರೊಳಗೇ ಬದುಕುತ್ತವೆ. ಎಷ್ಟು ಕೂಣಿ ಬಿದ್ದರೂ ಅವುಗಳಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತವೆ. ಮಿರಗದ ಮಳೆ ಬಿದ್ದು ಗದ್ದೆಯ ನೀರು ಕೆರೆಗೆ ಹರಿದು ಬಂದಾಗ ಆ ಉಳಿದವೇ ಎದುರು ನೀರಿಗೆ ಹತ್ತಿ ಮೊಟ್ಟೆ ಇಡುತ್ತವೆ. ಮಲೆನಾಡಿನವರು ಹತ್ತುಮೀನು ಅನ್ನುತ್ತಾರಲ್ಲ, ಅದೇ.

ಆಮೇಲೆ ನಮ್ಮೂರ ಕೆರೆ ಗುತ್ತಿಗೆಗೆ ಹೋಯಿತು. ಐದು ವರ್ಷಕ್ಕೆ. ಯಾರು ಹಿಡಿದರು, ಯಾರು ಸಹಿ ಹಾಕಿದರು ಅನ್ನುವುದೆಲ್ಲ ಇಲ್ಲಿ ಬೇಡ. ಕಾಟ್ಲಾ, ರೋಹು ಮರಿ ಬಿಟ್ಟರು. ಮೊದಲ ವರ್ಷ ಚೆನ್ನಾಗೇ ಇತ್ತು. ಏರಿಯ ಮೇಲೆ ಒಬ್ಬ ಕಾವಲುಗಾರ ಬಂದ. ಗಾಳ ಹಾಕುವ ಹುಡುಗರನ್ನು ಓಡಿಸಿದ, ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಐದನೇ ವರ್ಷ, ಗುತ್ತಿಗೆ ಮುಗಿಯಲು ಎರಡು ತಿಂಗಳಿದ್ದಾಗ, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಬಂತು. ಬೆರಳುದ್ದದ ಮರಿಯನ್ನೂ ಬಿಡದೆ ಬಳಿದರು. ನಾನು ಆ ಗುತ್ತಿಗೆದಾರನಿಗೆ ಬೈಯುವುದಿಲ್ಲ. ಅವನ ಲೆಕ್ಕ ಅವನಿಗೆ ಸರಿ. ಬಿಟ್ಟುಹೋಗುವ ಬಾಡಿಗೆ ಮನೆಗೆ ಯಾರಾದರೂ ಸುಣ್ಣ ಹೊಡೆಸುತ್ತಾರಾ? ಆರನೇ ವರ್ಷದ ಮೀನು ಅವನದಲ್ಲ, ಹಾಗಾಗಿ ಅದನ್ನು ಅವನು ಎಣಿಸಲೇ ಇಲ್ಲ.

ಇವತ್ತಿನ ನನ್ನ ಮಾತೆಲ್ಲ ಈ ಎಣಿಸುವುದರ ಬಗ್ಗೆಯೇ. ನೀರಿನಲ್ಲಿ ಎಷ್ಟು ಮೀನಿದೆ ಅಂತ ಯಾರಿಗೆ ಗೊತ್ತು? ಗೊತ್ತಿರುವವರಿಗೆ "ಈ ವರ್ಷ ಬೇಡ" ಅನ್ನುವ ಅಧಿಕಾರ ಇದೆಯಾ? ಬಹಳ ಕಡೆ ಇವೆರಡೂ ಬೇರೆ ಬೇರೆಯವರ ಕೈಯಲ್ಲಿವೆ. ಗೊತ್ತಿರುವವರು ದಂಡೆಯಲ್ಲಿ, ಅಧಿಕಾರ ಕಚೇರಿಯಲ್ಲಿ. ಎರಡೂ ಒಂದೇ ಕೈಗೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಮೂರ್ನಾಲ್ಕು ಊರಿನ ಕಥೆ ಹೇಳುತ್ತೇನೆ. ದೂರದ ಊರುಗಳು.

ಮೊದಲನೆಯದು ಬ್ರೆಜಿಲ್‌ನ ಅಮೆಜಾನ್. ಅಲ್ಲಿ ಪಿರರುಕು ಅಂತ ಒಂದು ಮೀನಿದೆ. ಮೂರು ಮೀಟರ್ ತನಕ ಬೆಳೆಯುತ್ತದೆ, ತೂಕ 200 ಕಿಲೋ ಮುಟ್ಟುತ್ತದೆ. ಅಂದರೆ ನಮ್ಮ ಒಂದು ಹೋರಿಕರು ಅಂದುಕೊಳ್ಳಿ. ಈ ಮೀನಿಗೂ ನಮ್ಮ ಕೊರವನಿಗೂ ಒಂದು ಸಂಬಂಧ ಇದೆ. ರಕ್ತ ಸಂಬಂಧ ಏನಲ್ಲ, ಚಾಳಿ ಒಂದೇ. ಎರಡೂ ನೀರಿನ ಮೇಲೆ ಬಂದು ಗಾಳಿ ಕುಡಿಯುತ್ತವೆ. ಪಿರರುಕು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮೇಲೆ ಬರಲೇಬೇಕು. ಬಂದಾಗಲೇ ಈಟಿ ಬೀಳುತ್ತಿತ್ತು. ಹೀಗೇ ಹೊಡೆದು ಹೊಡೆದು, ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ಬಹಳ ಕಡೆ ಅದು ಕಾಣದಂತಾಯಿತು. 1996ರಲ್ಲಿ ಅಮೆಜಾನಾಸ್ ರಾಜ್ಯದಲ್ಲಿ ಅದನ್ನು ಹಿಡಿಯುವುದನ್ನೇ ನಿಷೇಧಿಸಿದರು. ನಿಷೇಧ ಕಾಗದದ ಮೇಲೆ. ಅಷ್ಟು ದೊಡ್ಡ ಕಾಡಿನಲ್ಲಿ, ಅಷ್ಟು ಸಾವಿರ ಕೆರೆಗಳಲ್ಲಿ ಕಾಯುವವರು ಯಾರು?

ಮಾಮಿರಾವಾ ಅನ್ನುವ ಸಂರಕ್ಷಿತ ಪ್ರದೇಶದಲ್ಲಿ 1999ರಲ್ಲಿ ಬೇರೆ ದಾರಿ ಹಿಡಿದರು. ಮೀನು ಉಸಿರಾಡಲು ಮೇಲೆ ಬರುತ್ತದೆ ಅಂದಮೇಲೆ ಅದನ್ನು ಎಣಿಸಬಹುದಲ್ವಾ? ಬೇಸಿಗೆಯಲ್ಲಿ ನದಿ ಇಳಿದು ಕೆರೆಗಳು ಬೇರೆ ಬೇರೆಯಾದಾಗ ಬೆಸ್ತರು ದೋಣಿಯಲ್ಲಿ ಕೂರುತ್ತಾರೆ. ಒಬ್ಬೊಬ್ಬರಿಗೆ ಕೆರೆಯ ಒಂದೊಂದು ತುಂಡು. ಇಪ್ಪತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡುವುದು, ಮೇಲೆ ಬಂದ ಮೀನನ್ನು ಎಣಿಸುವುದು. ಒಂದೂವರೆ ಮೀಟರಿಗಿಂತ ದೊಡ್ಡದು ಎಷ್ಟು, ಸಣ್ಣದು ಎಷ್ಟು. ನೀರು ಒಡೆಯುವ ಸದ್ದು, ಬಾಲ ತಿರುಗುವ ರೀತಿ ನೋಡಿಯೇ ಇದು ಆಗಲೇ ಎಣಿಸಿದ್ದೋ ಹೊಸದೋ ಅಂತ ಹೇಳುತ್ತಾರೆ. ವಿಜ್ಞಾನಿಗಳಿಗೆ ಮೊದಲು ನಂಬಿಕೆ ಬರಲಿಲ್ಲ, ನನಗೂ ಬರುತ್ತಿರಲಿಲ್ಲ. ಅವರು ಮೀನಿಗೆ ಗುರುತು ಕಟ್ಟಿ, ಬಿಟ್ಟು, ಮತ್ತೆ ಹಿಡಿದು ಲೆಕ್ಕ ಹಾಕುವ ತಮ್ಮ ಪದ್ಧತಿಯಲ್ಲಿ ಪರೀಕ್ಷೆ ಮಾಡಿದರು. 2004ರಲ್ಲಿ ಅದರ ಫಲ ಪ್ರಕಟವಾಯಿತು. ಅನುಭವಿ ಬೆಸ್ತರ ಲೆಕ್ಕ ವಿಜ್ಞಾನಿಗಳ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಯಾಗಿ ಕೂತಿತ್ತು. ಖರ್ಚು ಮಾತ್ರ ಎಷ್ಟೋ ಪಟ್ಟು ಕಡಿಮೆ.

ಈಗ ನಿಯಮ ಏನು ಅಂದರೆ, ಎಣಿಸಿದ ದೊಡ್ಡ ಮೀನಿನಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಹಿಡಿಯಬಾರದು. ಉಳಿದ 70 ಮುಂದಿನ ವರ್ಷಕ್ಕೆ. ಎಣಿಸದ ಊರಿಗೆ ಪಾಲಿಲ್ಲ. ನಾನು ಮೇಷ್ಟ್ರಿಕೆ ಮಾಡಿದವಳು, ಈ ನಿಯಮದ ಚೆಲುವು ನನಗೆ ತಟ್ಟನೆ ಹೊಳೆಯಿತು. ಹೆಚ್ಚು ಹಿಡಿಯಬೇಕು ಅಂದರೆ ಕೆರೆಯಲ್ಲಿ ಹೆಚ್ಚು ಬಿಟ್ಟಿರಬೇಕು! ನಮ್ಮೂರ ಗುತ್ತಿಗೆಯ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ.

ಮಾಮಿರಾವಾದಲ್ಲಿ ಶುರು ಮಾಡಿದವರು ಹೊಳೆ ದಂಡೆಯ ಮಿಶ್ರ ಜನ, ಎಲ್ಲರೂ ಮೂಲನಿವಾಸಿಗಳಲ್ಲ. ಆಮೇಲೆ ಪೌಮಾರಿ, ದೆನಿ ಮುಂತಾದ ಮೂಲನಿವಾಸಿ ಸಮುದಾಯಗಳು ತಮ್ಮ ತಮ್ಮ ನೆಲದಲ್ಲಿ ಇದನ್ನು ಎತ್ತಿಕೊಂಡವು. ಪೌಮಾರಿ ಜನ ಮೊದಲು ಕೆಲವು ವರ್ಷ ಹಿಡಿಯದೇ ಕಾದರು. ಕೆರೆಯ ಬಾಯಲ್ಲಿ ತೇಲುವ ಮನೆ ಕಟ್ಟಿ, ಪಾಳಿ ಮೇಲೆ ಕೂತು, ಹೊರಗಿನ ದೋಣಿ ಒಳಗೆ ಬರದ ಹಾಗೆ ನೋಡಿಕೊಂಡರು. ಕಾವಲು ಅಂದರೆ ಸುಲಭ ಅಂದುಕೊಳ್ಳಬೇಡಿ. ಕಳ್ಳ ಬೇಟೆಯವರ ಕೈಯಲ್ಲಿ ಬಂದೂಕು ಇರುತ್ತದೆ. ಇವರ ಕೈಯಲ್ಲಿ ಟಾರ್ಚು. ಇನ್ನೊಂದು ಮಾತು. ಹಿಡಿಯುವುದು ಗಂಡಸರ ಕೆಲಸ ಅಂತಿದ್ದ ಕಡೆಗಳಲ್ಲಿ, ಮೀನು ಹಸನು ಮಾಡುವ ಹೆಂಗಸರ ಹೆಸರೂ ಪಾಲಿನ ಪಟ್ಟಿಯಲ್ಲಿ ಬಂತು. ಕೆರೆಬೇಟೆಯ ದಿನ ಏರಿಯ ಮೇಲೆ ಕೂತವಳು ನಾನು, ಇದನ್ನು ಹೇಳದೆ ಮುಂದೆ ಹೋಗಲಾರೆ.

ಎರಡನೆಯದು ಅಮೆರಿಕದ ವಾಷಿಂಗ್ಟನ್ ರಾಜ್ಯ. ರಾಜಧಾನಿ ವಾಷಿಂಗ್ಟನ್ ಅಲ್ಲ, ಪಶ್ಚಿಮ ತುದಿಯಲ್ಲಿರುವ ರಾಜ್ಯ. ಅಲ್ಲಿ ಸಾಲ್ಮನ್ ಅಂತ ಮೀನು. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಹುಟ್ಟಿದ ಹೊಳೆಗೇ ವಾಪಸ್ ಹತ್ತಿ ಬಂದು ಮೊಟ್ಟೆ ಇಡುತ್ತದೆ. ತವರಿಗೆ ಬಾಣಂತನಕ್ಕೆ ಬಂದ ಹಾಗೆ. 1854 ಮತ್ತು 55ರಲ್ಲಿ ಅಲ್ಲಿನ ಮೂಲನಿವಾಸಿಗಳಿಂದ ನೆಲ ಬರೆಸಿಕೊಳ್ಳುವಾಗ ಸರ್ಕಾರ ಒಂದು ಮಾತು ಕೊಟ್ಟಿತ್ತು. ನೀವು ರೂಢಿಯಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ, ಉಳಿದ ಜನರ ಜೊತೆ ಒಟ್ಟಾಗಿ, ಮುಂದೂ ಹಿಡಿಯಬಹುದು ಅಂತ. ನೂರು ವರ್ಷ ಕಳೆಯುವುದರಲ್ಲಿ ಆ ಮಾತು ನೀರಿನಲ್ಲಿ ಹೋಯಿತು. ಹಿಡಿದವರನ್ನೇ ಪೊಲೀಸರು ಹಿಡಿಯತೊಡಗಿದರು.

ನಿಸ್ಕ್ವಾಲಿ ಜನಾಂಗದ ಬಿಲ್ಲಿ ಫ್ರಾಂಕ್ ಅನ್ನುವ ಹುಡುಗನನ್ನು 1945ರಲ್ಲಿ ಮೊದಲ ಸಲ ಬಂಧಿಸಿದಾಗ ಅವನಿಗೆ 14 ವರ್ಷ. ಆಮೇಲೆ 50ಕ್ಕೂ ಹೆಚ್ಚು ಸಲ ಒಳಗೆ ಹೋಗಿ ಬಂದ. 60ರ ದಶಕದಲ್ಲಿ ಆ ಜನ ಬೇಕಂತಲೇ, ಎಲ್ಲರೂ ನೋಡುವ ಹಾಗೆ, ಹೊಳೆಗೆ ಬಲೆ ಹಾಕಿದರು. ಲಾಠಿ ತಿಂದರು, ದೋಣಿ ಕಳಕೊಂಡರು. ಉಪ್ಪಿನ ಸತ್ಯಾಗ್ರಹ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1974ರ ಫೆಬ್ರವರಿ 12ರಂದು ಜಾರ್ಜ್ ಬೋಲ್ಟ್ ಅನ್ನುವ ನ್ಯಾಯಾಧೀಶರು ತೀರ್ಪು ಕೊಟ್ಟರು. ಅವರೇನೂ ಕ್ರಾಂತಿಕಾರಿ ಅಲ್ಲ, ಹಳೇ ಮಡಿವಂತ ಮನುಷ್ಯ. ಹಳೆಯ ನಿಘಂಟು ತೆಗೆದು, ಒಪ್ಪಂದ ಆದ ಕಾಲದಲ್ಲಿ "ಜೊತೆ ಒಟ್ಟಾಗಿ" ಅಂದರೆ ಏನು ಅರ್ಥ ಇತ್ತು ಅಂತ ನೋಡಿದರು. ಸಮಪಾಲು ಅಂತ ಅರ್ಥ. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಅವರದು ಅಂತ ಬರೆದರು. ಆಗ ಅವರಿಗೆ ಸಿಗುತ್ತಿದ್ದದ್ದು ನೂರಕ್ಕೆ ಐದರ ಆಸುಪಾಸು. ಊರೆಲ್ಲ ರಂಪ ಆಯಿತು. 1979ರಲ್ಲಿ ಸುಪ್ರೀಂ ಕೋರ್ಟು ಹೆಚ್ಚುಕಡಿಮೆ ಅದನ್ನೇ ಎತ್ತಿಹಿಡಿಯಿತು.

ಎಲ್ಲರೂ ಈ "ಅರ್ಧ ಪಾಲು" ಅನ್ನುವುದನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಪಾಲು ಕೊಡಬೇಕು ಅಂದರೆ ಒಟ್ಟು ಎಷ್ಟಿದೆ ಅಂತ ಗೊತ್ತಿರಬೇಕಲ್ವಾ? ಹಾಗಾಗಿ ಆ ಸಮುದಾಯಗಳು ಸರ್ಕಾರದ ಪಕ್ಕ ಕೂತು ಮೀನು ಎಣಿಸಲು ಶುರು ಮಾಡಿದವು. ಇವತ್ತು ಅಲ್ಲಿನ 20 ಸಮುದಾಯಗಳು ಸೇರಿದ ಒಂದು ಆಯೋಗ ಇದೆ. ಅವರದೇ ಜೀವಶಾಸ್ತ್ರಜ್ಞರು, ಅವರದೇ ಮರಿ ಕೇಂದ್ರಗಳು. ಯಾವ ಹೊಳೆ ಯಾವ ವಾರ ತೆರೆಯಬೇಕು, ಯಾವಾಗ ಮುಚ್ಚಬೇಕು ಅಂತ ರಾಜ್ಯದ ಜೊತೆ ಕೂತು ತೀರ್ಮಾನ ಮಾಡುತ್ತಾರೆ. ಐವತ್ತು ಸಲ ಜೈಲು ಕಂಡ ಬಿಲ್ಲಿ ಫ್ರಾಂಕ್ ಸುಮಾರು ಮೂವತ್ತು ವರ್ಷ ಅದರ ಅಧ್ಯಕ್ಷರಾಗಿದ್ದರು. 2014ರಲ್ಲಿ ತೀರಿಕೊಂಡರು.

ಮೀನು ತುಂಬಿ ತುಳುಕಿತಾ ಅಂದರೆ, ಇಲ್ಲ. ಅಣೆಕಟ್ಟು, ಕಡಿದ ಕಾಡು, ಬಿಸಿಯಾದ ನೀರು ಇವು ಯಾವ ತೀರ್ಪಿಗೂ ಕಾಯುವುದಿಲ್ಲ. ಪ್ಯೂಜೆಟ್ ಸೌಂಡ್ ಅನ್ನುವ ಅಲ್ಲಿನ ಕಡಲ ಕೊಲ್ಲಿಯ ಕಡೆಯ ಚಿನೂಕ್ ಅನ್ನುವ ಜಾತಿಯ ಸಾಲ್ಮನ್ 1999ರಲ್ಲಿ ಅಪಾಯದ ಪಟ್ಟಿಗೇ ಸೇರಿತು. ಅದಕ್ಕೇ ಆ ಜನ ಮತ್ತೆ ಕೋರ್ಟಿಗೆ ಹೋದರು, ಈ ಸಲ ಮೋರಿಗಳ ಮೇಲೆ. ಹೌದು, ರಸ್ತೆ ಕೆಳಗಿನ ಮೋರಿ! ರಾಜ್ಯ ಸರ್ಕಾರ ಹಾಕಿದ ಮೋರಿಗಳು ಎತ್ತರ ಆಗಿ, ಕಿರಿದಾಗಿ, ಮೀನು ಮೇಲೆ ಹತ್ತಲು ಆಗುತ್ತಿರಲಿಲ್ಲ. ಹಿಡಿಯುವ ಹಕ್ಕು ಕೊಟ್ಟು ಮೀನು ಬರುವ ದಾರಿ ಮುಚ್ಚಿದರೆ ಆ ಹಕ್ಕು ಯಾತಕ್ಕೆ ಅನ್ನುವುದು ಅವರ ವಾದ. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳು 4–4 ಸಮ ಆದರು. ಒಬ್ಬರು ಹಿಂದೆ ಇದೇ ವ್ಯಾಜ್ಯದ ಒಂದು ಹಂತ ಕೇಳಿದ್ದರಂತೆ, ಅದಕ್ಕೆ ಹೊರಗುಳಿದಿದ್ದರು. ಸಮ ಆದದ್ದರಿಂದ ಕೆಳಗಿನ ಕೋರ್ಟಿನ ತೀರ್ಪೇ ಉಳಿಯಿತು. ರಾಜ್ಯ ಈಗ ನೂರಾರು ಮೋರಿ ಒಡೆದು ಕಟ್ಟುತ್ತಿದೆ.

ಇದನ್ನು ಓದಿದ ದಿನ ನಾನು ನಮ್ಮೂರ ರಸ್ತೆಯ ಮೋರಿ ನೋಡಲು ಹೋದೆ. ಕೆರೆಯ ಕಡೆಯಿಂದ ನೋಡಿದರೆ ಪೈಪಿನ ಬಾಯಿ ಹಳ್ಳದ ತಳಕ್ಕಿಂತ ಎರಡು ಗೇಣು ಮೇಲಿದೆ. ಮಿರಗದ ಮಳೆಗೆ ಹತ್ತುವ ಮೀನು ಅಲ್ಲಿಗೆ ಬಂದು ನಿಲ್ಲುತ್ತದೆ, ಹುಡುಗರು ಅಲ್ಲೇ ಗುಂಪಾಗಿ ಬಾಚುತ್ತಾರೆ, ಹೊಟ್ಟೆ ತುಂಬ ಮೊಟ್ಟೆ ಇರುವವನ್ನೇ. ಎಷ್ಟೋ ವರ್ಷ ಅದೇ ರಸ್ತೆಯಲ್ಲಿ ಶಾಲೆಗೆ ಹೋಗಿದ್ದೇನೆ. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ನ್ಯೂಜಿಲೆಂಡ್ ಬಗ್ಗೆ ಸ್ವಲ್ಪ. ಅಲ್ಲಿ ಮಾವೊರಿ ಜನರಲ್ಲಿ ರಾಹುಯಿ ಅಂತ ಪದ್ಧತಿ. ಯಾರಾದರೂ ನೀರಿನಲ್ಲಿ ಮುಳುಗಿ ಸತ್ತರೆ ಆ ನೀರಿಗೆ ರಾಹುಯಿ ಹಾಕುತ್ತಾರೆ, ಕೆಲವು ದಿನ ಯಾರೂ ಅಲ್ಲಿ ಮೀನು ಹಿಡಿಯುವುದಿಲ್ಲ. ನಮ್ಮ ಸೂತಕ ಇದ್ದ ಹಾಗೆ. ಮೀನು, ಚಿಪ್ಪು ಕಡಿಮೆಯಾದಾಗಲೂ ಹಾಕುತ್ತಾರೆ. ಇಂಥ ತಾತ್ಕಾಲಿಕ ಮುಚ್ಚುವಿಕೆಗೆ ಅಲ್ಲಿನ ಮೀನುಗಾರಿಕೆ ಕಾನೂನಿನಲ್ಲೂ ಜಾಗ ಮಾಡಿಕೊಟ್ಟಿದ್ದಾರೆ. ಆದರೆ ಕಾನೂನಿಗಿಂತ ಮುಂಚೆ ಅದು ನಡೆಯುತ್ತಿದ್ದದ್ದು ಮನಸ್ಸಿನ ಅಂಜಿಕೆಯಿಂದ, ಊರಿನ ಮಾತಿನಿಂದ.

ನಮಗೇನು ಇದು ಹೊಸದಾ? ದ್ಯಾಮವ್ವನ ಜಾತ್ರೆಗೆ ಮುಂಚೆ ನಮ್ಮ ಹಳ್ಳಿಗಳಲ್ಲಿ ಐದು ವಾರ ಹಿಡಿಯುತ್ತಾರೆ, ಅಂದರೆ ಐದು ವಾರ, ವಾರಕ್ಕೊಂದು ದಿನ ಕೆಲಸ ನಿಲ್ಲಿಸುತ್ತಾರೆ. ಆ ದಿನ ಯಾರೂ ಗಳೆ ಹೂಡುವುದಿಲ್ಲ, ಗಿರಣಿ ಹಾಕುವುದಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆಗಳು ಇವತ್ತೂ ಇವೆ. ಪೊಲೀಸರು ಬರುತ್ತಾರಾ? ದಂಡದ ರಸೀದಿ ಇದೆಯಾ? ಆ ದಿನ ಒಬ್ಬ ಗಳೆ ಹೊಡೆದುಕೊಂಡು ಹೊರಟರೆ ಓಣಿಯ ಮುದುಕಿಯರು ಕಟ್ಟೆಯ ಮೇಲಿಂದ ನೋಡುವ ನೋಟ ಸಾಕು. ಅದೇ ನೋಟ ಕೆರೆಯ ಮೇಲೂ ಇತ್ತು, ಗುತ್ತಿಗೆ ಬಂದ ಮೇಲೆ "ಅದು ಅವರ ಕೆರಿ, ನಮಗ್ಯಾಕ" ಅಂತ ಆಯಿತು. ನಾವು ಕಳೆದುಕೊಂಡದ್ದರಲ್ಲಿ ಮೀನಿಗಿಂತ ದೊಡ್ಡದು ಇದು ಅಂತ ನನಗೆ ಅನಿಸುತ್ತದೆ.

ಈಗ ನಮ್ಮ ದೇಶದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಧ್ಯಪ್ರದೇಶದಲ್ಲಿ ನರ್ಮದೆಯ ಉಪನದಿ ತವಾ. ಎಪ್ಪತ್ತರ ದಶಕದಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದಾಗ 44 ಹಳ್ಳಿ ಮುಳುಗಿದವು. ಬಹಳಷ್ಟು ಗೊಂಡ, ಕೊರ್ಕು ಆದಿವಾಸಿಗಳು. ಹೊಲ ಹೋಯಿತು, ನೀರು ಬಂತು. ಸರಿ, ನೀರಿನ ಮೀನಾದರೂ ನಮ್ಮದಾಗಲಿ ಅಂದರೆ ಅದನ್ನು ಸರ್ಕಾರದ ನಿಗಮಕ್ಕೆ ಕೊಟ್ಟರು, ಆಮೇಲೆ ಗುತ್ತಿಗೆದಾರರಿಗೆ. ತಮ್ಮ ಹೊಲದ ಮೇಲೆ ನಿಂತ ನೀರಿನಲ್ಲಿ ಇವರು ಕಳ್ಳರಾದರು. ಕಿಸಾನ್ ಆದಿವಾಸಿ ಸಂಘಟನೆ ಅನ್ನುವ ಸಂಘದಡಿ ವರ್ಷಗಟ್ಟಲೆ ಹೋರಾಟ ಮಾಡಿದರು. 1996ರಲ್ಲಿ ಐದು ವರ್ಷಕ್ಕೆ ಮೀನಿನ ಹಕ್ಕು ಅವರ ಸಹಕಾರ ಸಂಘಗಳ ಒಕ್ಕೂಟಕ್ಕೆ ಸಿಕ್ಕಿತು. ತವಾ ಮತ್ಸ್ಯ ಸಂಘ ಅಂತ ಅದರ ಹೆಸರು.

ಬೇಸಾಯ ಮಾಡುತ್ತಿದ್ದ ಜನ ಬಲೆ ಹೆಣೆಯಲು, ಮಂಜುಗಡ್ಡೆ ತುಂಬಲು, ಕೋಲ್ಕತ್ತಾ ಪಕ್ಕದ ಹೌರಾ ಮಾರುಕಟ್ಟೆಗೆ ಲಾರಿ ಕಳಿಸಲು ಕಲಿತರು. ಮರಿ ತಂದು ಬಿಟ್ಟರು. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಹೊತ್ತಿಗೆ ತಾವೇ ಬಲೆ ಎತ್ತಿಟ್ಟು, ತಾವೇ ಕಾವಲು ತಿರುಗಿದರು. ಗುತ್ತಿಗೆದಾರನ ಕಾಲಕ್ಕಿಂತ ಕೈಗೆ ಹೆಚ್ಚು ದುಡ್ಡು ಸಿಕ್ಕಿತು. 2001ರಲ್ಲಿ ಮತ್ತೆ ಐದು ವರ್ಷ ಸಿಕ್ಕಿತು. 2006ರ ಕೊನೆಗೆ ಗುತ್ತಿಗೆ ಮುಗಿದಾಗ ಮುಂದುವರಿಸಲಿಲ್ಲ. ಕಾರಣ ಹುಲಿ. ಜಲಾಶಯದ ನೀರು ಸಾತ್ಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆ, ಮೀನು ಹಿಡಿಯುವ ಹಾಗಿಲ್ಲ ಅಂತ. ನನಗೆ ಹುಲಿಯ ಮೇಲೆ ಸಿಟ್ಟಿಲ್ಲ. ಆದರೆ ಹತ್ತು ವರ್ಷ ನೀರು ಕಾಯ್ದವರನ್ನು ಕಾವಲಿನವರು ಅಂತ ನೋಡದೆ ಅತಿಕ್ರಮಣಕಾರರು ಅಂತ ನೋಡಿದ್ದು ಸರಿ ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಇನ್ನೊಂದು ಕಾಕತಾಳೀಯ ಕೇಳಿ. ಅದೇ 2006ರ ಡಿಸೆಂಬರ್‌ನಲ್ಲೇ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಪಾಸು ಮಾಡಿತು. ಅದರ 3(1)(ಡಿ) ಕಲಮಿನಲ್ಲಿ ನೀರಿನ ಮೀನು ಮತ್ತು ಇತರ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ಅಂತ ಸ್ಪಷ್ಟವಾಗಿ ಬರೆದಿದೆ.

ಪ್ರಶ್ನೆಗಳ ಹೊತ್ತು ಬಂದಾಗ ಹಿಂದಿನ ಸಾಲಿನ ಒಬ್ಬರು ಎದ್ದು ನಿಂತರು. ಕಲಘಟಗಿ ಕಡೆಯವರು. "ಅಕ್ಕೋರ, ನಾವೇನ್ ಆದಿವಾಸಿಗಳಲ್ಲ, ನಮಗೇನ್ ಯಾವ ರಾಜಾನೂ ಒಪ್ಪಂದ ಬರದು ಕೊಟ್ಟಿಲ್ಲ. ಅವ್ರ ಕಥಿ ನಮಗ್ಯಾಕ?" ಅಂದರು.

ಒಳ್ಳೆಯ ಪ್ರಶ್ನೆ. ನಿಸ್ಕ್ವಾಲಿ ಜನರ ಹಕ್ಕು ಒಂದು ಜನಾಂಗ ಇನ್ನೊಂದು ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದಿಂದ ಬಂದದ್ದು. ಹಾವೇರಿಯ ಗ್ರಾಮ ಪಂಚಾಯ್ತಿ ಎದ್ದು ನಾವೂ ಅವರ ಹಾಗೇ ಅಂದರೆ ಅದು ಅವರ ನೋವಿಗೆ ಮಾಡುವ ಅವಮಾನ. ಕಲಘಟಗಿಯ ಕಾಡಂಚಿನ ಸಿದ್ದಿಗಳು ಪರಿಶಿಷ್ಟ ಪಂಗಡದವರು, ಅರಣ್ಯ ಹಕ್ಕು ಕಾಯ್ದೆಯಡಿ ಅವರು ಕೇಳಬಹುದಾದದ್ದು ಬೇರೆ. ಬಯಲು ಸೀಮೆಯ ಕೆರೆಯವರು ಕೇಳಬಹುದಾದದ್ದು ಬೇರೆ. ತುಂಗಭದ್ರೆಯ ದಂಡೆಯಲ್ಲಿ ಅಂಬಿಗರ ಚೌಡಯ್ಯನ ಕಾಲದಿಂದ ಹರಿಗೋಲು ನಡೆಸಿದವರು ಕೇಳಬಹುದಾದದ್ದು ಇನ್ನೂ ಬೇರೆ. ಎಲ್ಲವನ್ನೂ ಒಂದೇ ಗಂಟು ಕಟ್ಟಬಾರದು.

ಆದರೆ ನಮ್ಮ ನೆಲದಲ್ಲೂ ಒಂದು ಕಥೆ ಇದೆ, ಮರೆತಿದ್ದೇವೆ ಅಷ್ಟೇ. 1987ರ ನವೆಂಬರ್ 14, ಹಾನಗಲ್ ತಾಲೂಕಿನ ಕುಸನೂರು. ಊರವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಗೋಮಾಳ, ಕಾಡುಜಾಗ ಎಲ್ಲ ಸೇರಿಸಿ, ಕೃತಕ ನೂಲು ಮಾಡುವ ಮರದ ತಿರುಳಿಗೆ ನೀಲಗಿರಿ ಬೆಳೆಯಲು ಅಂತ ಒಂದು ಜಂಟಿ ಕಂಪನಿಗೆ ಒಟ್ಟು 30,000 ಹೆಕ್ಟೇರ್ ಕೊಡುವ ಯೋಜನೆ ಇತ್ತು. ಸುತ್ತಲಿನ ಜನ ಕುಸನೂರಿನಲ್ಲಿ ಸೇರಿ ನೀಲಗಿರಿ ಸಸಿ ಕಿತ್ತು, ಅದೇ ಕುಣಿಯಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಅಂತಲೇ ಆ ಸತ್ಯಾಗ್ರಹದ ಹೆಸರು. ಕೋರ್ಟಿನಲ್ಲೂ ಹೊರಗೂ ವರ್ಷಗಟ್ಟಲೆ ಗುದ್ದಾಡಿದ ಮೇಲೆ, 1991ರಲ್ಲಿ ಆ ಕಂಪನಿ ಮುಚ್ಚಿತು. ನಾನು ಆಗ ಹೊಸದಾಗಿ ನೌಕರಿಗೆ ಸೇರಿದವಳು. ಸರ್ಕಾರಿ ನೌಕರಿ, ಹೋಗಲು ಅಂಜಿಕೆ. ಹೋಗಲಿಲ್ಲ. ಹೋದವರು ಮರುದಿನ ಬಂದು ಹೇಳಿದ್ದನ್ನು ಕೇಳಿ ರಾತ್ರಿಯಿಡೀ ನಿದ್ದೆ ಬರಲಿಲ್ಲ, ಅಷ್ಟು ಮಾತ್ರ ನನ್ನ ಪಾಲು.

ಹುಲ್ಲಿನ ಮೇಲಿನ ಹಕ್ಕಿಗೆ ಅಷ್ಟು ಜಗಳ ಆಡಿದ ಊರುಗಳು ಕೆರೆಯ ಮೀನು ಹೋದಾಗ ಯಾಕೆ ಸುಮ್ಮನಾದವು? ನನಗನಿಸುವುದು, ಮೀನು ನೀರಿನ ಕೆಳಗಿದೆ. ಕಾಣುವುದಿಲ್ಲ. ಮೇವು ಕಡಿಮೆಯಾದರೆ ಎಮ್ಮೆ ಸಂಜೆಗೇ ಹೇಳುತ್ತದೆ. ಮೀನು ಕಡಿಮೆಯಾದದ್ದನ್ನು ಎಣಿಸಿದವರು ಮಾತ್ರ ಹೇಳಬಲ್ಲರು.

ಇನ್ನೊಬ್ಬರು ಕೇಳಿದರು, ಹೀಗೆ ಊರಿಗೇ ಬಿಟ್ಟರೆ ಊರಿನ ದೊಡ್ಡವರೇ ನುಂಗುವುದಿಲ್ಲವೇ ಅಂತ. ನುಂಗುತ್ತಾರೆ. ಆಂಧ್ರ-ತಮಿಳುನಾಡಿನ ಗಡಿಯ ಪುಲಿಕಾಟ್ ಸರೋವರದಲ್ಲಿ ಪಾಡು ಅಂತ ಒಂದು ಹಳೆಯ ಪದ್ಧತಿ ಇದೆ. ಯಾರು ಯಾವ ದಿನ ಯಾವ ಜಾಗದಲ್ಲಿ ಬಲೆ ಹಾಕಬೇಕು ಅಂತ ಚೀಟಿ ಎತ್ತಿ ಪಾಳಿ ಹಚ್ಚುತ್ತಾರೆ. ಒಳ್ಳೆಯ ಜಾಗ ಎಲ್ಲರಿಗೂ ಸರದಿಯಲ್ಲಿ ಸಿಗುತ್ತದೆ, ಜಗಳ ಕಡಿಮೆ. ಬಹಳ ಚೆಂದ. ಆದರೆ ಆ ಪಟ್ಟಿಯಲ್ಲಿ ಹೆಸರಿರುವುದು ಬೆಸ್ತ ಜಾತಿಯ ಕುಟುಂಬಗಳದು. ಹೊರಗಿನವರು ಹೊರಗೇ. ನಮ್ಮ ಕೆರೆಬೇಟೆಯ ಆ ಇನ್ನೊಂದು ಮೂಲೆ ನೆನಪಿದೆಯಲ್ಲ? ಹಳೆಯ ಪದ್ಧತಿಯನ್ನು ಹಾಗೇ ಎತ್ತಿ ತಂದರೆ ಆ ಮೂಲೆಯೂ ಜೊತೆಗೇ ಬರುತ್ತದೆ. ಪಟ್ಟಿಯಲ್ಲಿ ಯಾರ ಹೆಸರು ಅನ್ನುವುದನ್ನು ಮೊದಲ ದಿನವೇ ಜಗಳ ಆಡಿ ತೀರಿಸಿಕೊಳ್ಳಬೇಕು. ಆಮೇಲೆ ನೋಡೋಣ ಅಂದರೆ ಆ ಆಮೇಲೆ ಬರುವುದಿಲ್ಲ.

ಹಾಗಾದರೆ ನಮ್ಮೂರಲ್ಲಿ ಏನು ಮಾಡುತ್ತಿದ್ದೇವೆ? ದೊಡ್ಡದೇನೂ ಇಲ್ಲ. ಈಗಿನ ಗುತ್ತಿಗೆ ಮುಂದಿನ ವರ್ಷ ಮುಗಿಯುತ್ತದೆ. ಬೆಸ್ತರ ಸಹಕಾರ ಸಂಘಕ್ಕೆ ಜೀವ ಬರಿಸಲು ನಾಲ್ಕು ಜನ ಓಡಾಡುತ್ತಿದ್ದಾರೆ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೈಸ್ಕೂಲಿನ ಎಂಟು ಹುಡುಗರು, ಐದು ಹುಡುಗಿಯರು ವಾರಕ್ಕೊಮ್ಮೆ ಬೆಳಗ್ಗೆ ಏರಿಯ ಮೇಲೆ ಕೂತು ಇಪ್ಪತ್ತು ನಿಮಿಷ ಕೊರವ ಮೇಲೆ ಬರುವುದನ್ನು ಎಣಿಸುತ್ತಾರೆ. ಮೂರು ವಾರ ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂತು. ಒಬ್ಬನಿಗೆ ಏಳು ಕಂಡದ್ದು ಇನ್ನೊಬ್ಬಳಿಗೆ ಹತ್ತೊಂಬತ್ತು ಕಂಡಿತ್ತು, ಅವಳು ಆಮೆಯನ್ನೂ ಸೇರಿಸಿದ್ದಳು. ನಾಲ್ಕನೇ ವಾರದಿಂದ ಸ್ವಲ್ಪ ಹತ್ತಿರ ಹತ್ತಿರ ಬರುತ್ತಿದೆ. ಮೋರಿಯ ಬಗ್ಗೆ ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟಿದ್ದೇವೆ. ಮೀನು ಹತ್ತಲು ಮೋರಿ ತಗ್ಗಿಸಿ ಅಂತ ಬರೆದದ್ದನ್ನು ಓದಿ ಅಲ್ಲಿನವರು ಸ್ವಲ್ಪ ಹೊತ್ತು ನಕ್ಕರು. ಆದರೆ ಅರ್ಜಿ ತಗೊಂಡರು, ಸ್ವೀಕೃತಿಯೂ ಕೊಟ್ಟರು.

ಮಾತು ಮುಗಿಸಿ ಚಹಾ ಕುಡಿಯುತ್ತ ನಿಂತಿದ್ದಾಗ ವಯಸ್ಸಾದ ಒಬ್ಬರು ಬಂದು ಮೇಜಿನ ಮೇಲಿದ್ದ ಕೂಣಿ ಎತ್ತಿ ನೋಡಿದರು. ತಿರುಗಿಸಿದರು, ಕಡ್ಡಿಗಳ ನಡುವೆ ಬೆರಳು ತೂರಿಸಿದರು. ರಾಣೆಬೆನ್ನೂರು ಕಡೆ ಹೊಳೆಯಲ್ಲಿ ಮೀನು ಹಿಡಿದು ಬೆಳೆದವರಂತೆ, ಈಗ ಮಗನ ಮನೆಯಲ್ಲಿ ಧಾರವಾಡದಲ್ಲಿ ಇದ್ದಾರೆ. "ಯವ್ವಾ, ಇದನ್ನ ಎಲ್ಲಿ ತಗೊಂಡಿ?" ಅಂದರು. ಜಾತ್ರೆಯಲ್ಲಿ ಅಂದೆ. "ಹೌದಾ. ಇದು ಮಾರಾಕ ಹೆಣದದ್ದು, ಹಿಡಿಯಾಕ ಹೆಣದದ್ದಲ್ಲ. ಸಂದಿ ನೋಡು, ಮರೀನೂ ಹೊರಗ ಹೋಗಂಗಿಲ್ಲ ಇದರಾಗಿಂದ. ನಾವು ಎರಡ ಬೆರಳು ಬಿಟ್ಟು ಹೆಣೀತಿದ್ವಿ. ಕೊಡಿಲ್ಲೆ, ಬಿಚ್ಚಿ ಹೆಣದ ಕೊಡ್ತೀನಿ" ಅಂದರು.

ಕೊಟ್ಟು ಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಕಂಡಕ್ಟರ್. "ಎಲ್ರೀ ಅಕ್ಕೋರ, ನಿಮ್ಮ ತಳ ಇಲ್ಲದ ಬುಟ್ಟಿ?" ಅಂತ ಕೇಳಿದ. ರಿಪೇರಿಗೆ ಕೊಟ್ಟಿದ್ದೇನೆ ಅಂದೆ.